ಕಡೆಯ ಐದು ನಿಮಿಷ

ಚಳ್ಳಕೆರೆಯಿಂದ ವರ್ಗವಾಗಿ ಬಂದ ಮಾರುತೇಶ ಮೇಷ್ಟ್ರು ಗ್ರಹಣದ ಪಾಠ ಮುಗಿಸಿ, "ಅರ್ಥ ಆಯ್ತಾ?" ಎಂದರು. "ಆಯ್ತು ಸಾರ್" ಎಂದು ಮಕ್ಕಳು ರಾಗ ಎಳೆದರು. "ಏನು ಅರ್ಥ ಆಯ್ತು?" ಎಂದದ್ದೇ ತಡ, ಇಡೀ ತರಗತಿಗೆ ಗ್ರಹಣ ಹಿಡಿಯಿತು. ಬಾಗಿಲಲ್ಲಿ ಚೌಡೇಶ್ವರಿ ಟೀಚರ್ ನಿಂತಿದ್ದರು.

ಮೊಳಕಾಲ್ಮುರಿನ ನೇಕಾರರ ಮನೆಯಲ್ಲಿ ಹುಟ್ಟಿದ ಅವರಿಗೆ ನಿವೃತ್ತಿ ಹತ್ತಿರ. ಅಂದಂದು ನೇಯ್ದದ್ದನ್ನು ಕೈಯಾಡಿಸಿ ನೋಡದೆ ಅವರಪ್ಪ ಮಗ್ಗದಿಂದ ಏಳುತ್ತಿರಲಿಲ್ಲ. ಮಗಳೂ ಪಾಠ ಮುಗಿಸುವುದು ಹಾಗೆಯೇ. ಬೆಲ್ಲಿಗೆ ಐದು ನಿಮಿಷವಿರುವಾಗ ಮಂಡಿ ಹಿಡಿದುಕೊಂಡು ಕುರ್ಚಿಯಲ್ಲಿ ಕುಸಿದು, "ನಂಗೆಲ್ಲಾ ಮರ್ತೋಯ್ತು, ಇವತ್ತಿನ ಪಾಠ ನೀವೇ ಹೇಳ್ರಪ್ಪ" ಎನ್ನುತ್ತಾರೆ. ಮಕ್ಕಳು ನಾ ಮುಂದು ತಾ ಮುಂದು ಎಂದು ಹೇಳುತ್ತಾರೆ.

ಇದನ್ನು ಕಂಡಿದ್ದ, ಮರುದಿನ ಮತ್ತದೇ ತರಗತಿಗೆ ಹೋಗಬೇಕಿದ್ದ ಮಾರುತೇಶ ಮೇಷ್ಟ್ರು ಗುಟ್ಟು ತಿಳಿಯಲೆಂದು ವಿಚಾರಿಸಿದರು: "ಇಷ್ಟು ವರ್ಷ ಹಿಂಗೆ ಕೇಳಿ ಕೇಳಿ ನೀವೇನು ಕಲಿತ್ರಿ ಮೇಡಂ?"

"ಕೂತ್ಕೊಳ್ಳೋದು ಸಾರ್."