ಇಂಜಿನ್ ಆರಿಸಿದ ಇಳಿಜಾರು

ಅಪ್ಪನ ಬಲಗಿವಿ ಕುಲುಮೆಯ ಸದ್ದಿನಲ್ಲೇ ಹೋಗಿತ್ತು. ಎಡಗಿವಿಯೂ ಅರ್ಧಂಬರ್ಧ. ಹಾಗಾಗಿ ಯಂತ್ರಗಳನ್ನು ಅವನು ಹಲ್ಲಿನಿಂದ ಕೇಳುತ್ತಿದ್ದ. ಕಬ್ಬಿಣದ ಸರಳಿನ ಒಂದು ತುದಿಯನ್ನು ಇಂಜಿನ್ನಿಗೆ ಒತ್ತಿ, ಇನ್ನೊಂದನ್ನು ಕಚ್ಚಿ ಹಿಡಿದು ಕಣ್ಣು ಮುಚ್ಚಿದರೆ ಒಳಗೆ ಯಾವ ಬೇರಿಂಗ್ ಸವೆದಿದೆ ಎಂಬುದು ಅವನಿಗೆ ತಿಳಿಯುತ್ತಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಶ್ರೀರಂಗಪಟ್ಟಣದ ಹೊರಗೆ ಹಳೆ ಗಾಡಿ ಮಾರುವ ಸಾಬರೊಬ್ಬರ ಅಂಗಳದಲ್ಲಿ ಎರಡು ಪಿಕಪ್ ಜೀಪುಗಳು ನಿಂತಿದ್ದವು. ಒಂದು ಪೆಟ್ರೋಲಿನದು, ಇನ್ನೊಂದು ಡೀಸೆಲ್ಲಿನದು. ಪೆಟ್ರೋಲಿನದು ಹಸಿರು ಎಂದು ನನ್ನ ನೆನಪು. ಎರಡೂ ಬೂದು ಬಣ್ಣದವೇ ಎಂದು ಅಕ್ಕ ಹೇಳುತ್ತಾಳೆ. ಅವಳು ಅಲ್ಲಿಗೆ ಬಂದೇ ಇರಲಿಲ್ಲ. ಆದರೂ ಅವಳ ಮಾತನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ.

ಚಿನಕುರಳಿಯ ನಮ್ಮ ಕುಲುಮೆಗೆ ನೇಗಿಲು ಹೊತ್ತು ಬರುವವರು ಕಡಿಮೆಯಾಗಿದ್ದರು. ಟ್ರಾಕ್ಟರಿನ ಟ್ರೈಲರು, ಕಬ್ಬಿನ ಗಾಣ ಮುರಿಯುತ್ತಿದ್ದುದು ಹೊಲಗಳಲ್ಲಿ. ಕೆಲಸ ಹುಡುಕಿಕೊಂಡು ನಾವೇ ಹೋಗಬೇಕಿತ್ತು. ಜನರೇಟರನ್ನೂ ವೆಲ್ಡಿಂಗ್ ಸೆಟ್ಟನ್ನೂ ಎರಡು ಚಕ್ರದ ಟ್ರೈಲರಿಗೆ ಬಿಗಿದು ಊರೂರಿಗೆ ಎಳೆದೊಯ್ಯಲು ಒಂದು ಗಾಡಿ ಬೇಕಿತ್ತು.

ಅಪ್ಪ ಸರಳು ಕಚ್ಚಿಕೊಂಡು ಎರಡೂ ಇಂಜಿನ್ನುಗಳನ್ನು ಬಹಳ ಹೊತ್ತು ಕೇಳಿದ.

“ಏನ್ ಆಚಾರ್ರೇ, ಗಾಡಿ ತಗೊಂಡೋಗ್ತೀರೋ, ಇಲ್ಲೇ ಕಡ್ಕೊಂಡು ತಿಂತೀರೋ?” ಎಂದರು ಸಾಬರು.

ಅಪ್ಪ ಪೆಟ್ರೋಲಿನದರ ಮೇಲೆ ಕೈಯಿಟ್ಟ. ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ನಾನು ಸುಮ್ಮನಿರಲಿಲ್ಲ. ಭಾರ ಎಳೆಯುವುದಕ್ಕೆ ಕಡಿಮೆ ವೇಗದಲ್ಲೇ ಬಲ ಬೇಕು, ಅದು ಡೀಸೆಲ್ಲಿನಲ್ಲಿದೆ, ಖರ್ಚೂ ಕಮ್ಮಿ ಎಂದು ಅವನ ಎಡಗಿವಿಯ ಹತ್ತಿರ ಕೂಗಿ ಕೂಗಿ ಹೇಳಿದೆ.

“ಡೀಸೆಲ್ದು ಎಳೀತದೆ, ನಿಜ ಕಣ್ಲಾ,” ಎಂದ. “ಆದ್ರೆ ಅದ್ರೊಳ್ಗೆ ಕೂತ್ರೆ ನಿನ್ ಮಾತು ನಂಗೆ ಕೇಳ್ಸಕ್ಕಿಲ್ಲ.”

“ಗಾಡಿ ಬೇಕಾಗಿರೋದು ಎಳ್ಯಕ್ಕಪ್ಪ, ಮಾತಾಡಕ್ಕಲ್ಲ,” ಎಂದೆ.

ಡೀಸೆಲ್ ಜೀಪು ತಂದೆವು.

ನಾನು ಊರಿಗೆ ಬರುತ್ತಿದ್ದುದು ಶನಿವಾರ. ಕುಲುಮೆಯಲ್ಲಿ ಸುತ್ತಿಗೆಯ ಸದ್ದು. ಮನೆಯಲ್ಲಿ ನನ್ನ ಮುಖಕ್ಕೆ ಪುಸ್ತಕ ಅಡ್ಡ. ಭಾನುವಾರ ಸಿಂಧಘಟ್ಟಕ್ಕೋ ನಾಗಮಂಗಲದ ಕಡೆಗೋ ಕೆಲಸಕ್ಕೆ ಹೊರಟಾಗ ಪಕ್ಕದಲ್ಲಿ ಕೂರುತ್ತಿದ್ದೆ. ಮಗನ ಮಾತು ಕೇಳಲು ಅವನಿಗೆ ಸಿಗುತ್ತಿದ್ದುದು ಆ ದಾರಿಯಷ್ಟೇ. ಜೀಪೇನೋ ನಾನು ಹೇಳಿದಂತೆಯೇ ಎಳೆಯಿತು. ಆದರೆ ನಾನು ಬಾಯಿ ತೆರೆದಾಗಲೆಲ್ಲ ಅವನು ನನ್ನ ತುಟಿ ನೋಡಿ, ರಸ್ತೆ ನೋಡಿ, ಸುಮ್ಮನೆ ತಲೆಯಾಡಿಸುತ್ತಿದ್ದ.

ಸಿಂಧಘಟ್ಟದಿಂದ ಹಿಂದಿರುಗುವಾಗ ಒಂದು ಉದ್ದನೆಯ ಇಳಿಜಾರು. ಅದರ ನೆತ್ತಿಗೆ ಬಂದೊಡನೆ ಅಪ್ಪ ಇಂಜಿನ್ ಆರಿಸಿಬಿಡುತ್ತಿದ್ದ. ಟ್ರೈಲರಿನ ಭಾರ ಹಿಂದಿನಿಂದ ತಳ್ಳುತ್ತಿತ್ತು. ಚಕ್ರಗಳ ಸದ್ದು ಬಿಟ್ಟರೆ ಬೇರೇನಿಲ್ಲ. ಅವನು ಎಡಗಿವಿಯನ್ನು ನನ್ನತ್ತ ವಾಲಿಸಿ, “ಊಂ, ಈಗ ಮಾತಾಡು ಮಗ,” ಎನ್ನುತ್ತಿದ್ದ.

ಒಂದೆರಡು ಸಲ ಏನೋ ಹೇಳಿರಬೇಕು. ಏನೆಂದು ನೆನಪಿಲ್ಲ. ನೆನಪಿರುವುದು ನಾನು ಬೈದದ್ದು: ಹಿಂದೆ ಇಷ್ಟು ಭಾರವಿರುವಾಗ ಬರೀ ಬ್ರೇಕು ನಂಬಿಕೊಂಡು ಇಳಿಸುತ್ತೀಯಲ್ಲ, ನಾಲ್ಕು ಹನಿ ಡೀಸೆಲ್ ಉಳಿಸಲು ಇಬ್ಬರೂ ಸಾಯಬೇಕೇ ಎಂದು. ಡೀಸೆಲ್ ಉಳಿಸಲೆಂದೇ ನಾನು ತಿಳಿದಿದ್ದೆ. ಅವನು ಅಲ್ಲವೆನ್ನಲಿಲ್ಲ. “ಆಯ್ತು ಬುಡು,” ಎಂದ. ಮುಂದಿನ ವಾರದಿಂದ ಇಂಜಿನ್ ಆರಿಸದೆ ಗೇರಿನಲ್ಲೇ ಇಳಿಸಿದ.

ಅವನು ತೀರಿಕೊಂಡ ಮೇಲೆ ಒಮ್ಮೆ ಆ ದಾರಿಯಲ್ಲಿ ಬೈಕಿನಲ್ಲಿ ಬಂದೆ. ಅಂಥ ಇಳಿಜಾರು ಅಲ್ಲಿ ಎಲ್ಲೂ ಇಲ್ಲ ಎಂದು ಅಕ್ಕ ಮೊದಲೇ ಹೇಳಿದ್ದಳು. ಇದೇ ಇರಬೇಕು ಅನ್ನಿಸಿದ ಜಾಗದಲ್ಲಿ ಇಂಜಿನ್ ಆರಿಸಿ ನೋಡಿದೆ. ನಾಲ್ಕು ಮಾತು ಆಡುವಷ್ಟರಲ್ಲಿ ಬೈಕು ನಿಂತುಬಿಟ್ಟಿತು. ಜಾಗ ತಪ್ಪಿರಬಹುದು. ಅಥವಾ ಅವನಿಗೆ ಸಿಗುತ್ತಿದ್ದುದೇ ಅಷ್ಟಿರಬಹುದು. ಕಾಲೂರಿಕೊಂಡು ಅಲ್ಲೇ ನಿಂತೆ. ಹೇಳುವುದು ಎಷ್ಟೊಂದಿತ್ತು.