ಕಡ್ಡಿಪೆಟ್ಟಿಗೆಯ ಮೇಲಿನ ವಿಳಾಸ

ನಾನು ಅಂಚೆ ಇಲಾಖೆಯ ಅನ್ನ ಉಂಡವನು. ಸಿರುಗುಪ್ಪದಲ್ಲಿ ಗುಮಾಸ್ತನಾಗಿ ಸೇರಿ, ಕುರುಗೋಡಿನಲ್ಲಿ ಪೋಸ್ಟ್ ಮಾಸ್ತರನಾಗಿ ನಿವೃತ್ತನಾಗಿ, ಈಗ ಬಳ್ಳಾರಿಯ ಮನೆಯ ಕಟ್ಟೆಯ ಮೇಲೆ ಕುಳಿತು, ಅದಿರಿನ ಲಾರಿಗಳು ಎಬ್ಬಿಸುವ ಕೆಂಪು ಧೂಳನ್ನು ಯಾವ ರಸೀದಿಯೂ ಇಲ್ಲದೆ ಸ್ವೀಕರಿಸುತ್ತಿದ್ದೇನೆ. ಅಷ್ಟು ವರ್ಷಗಳ ಸೇವೆಯಲ್ಲಿ ನನಗೆ ದಕ್ಕಿದ ವೇದಾಂತ ಒಂದೇ: ವಿಳಾಸ. ಲಕೋಟೆಯೊಳಗೆ ಮದುವೆಯಿರಲಿ, ಸಾವಿರಲಿ, ಕೋರ್ಟಿನ ಕರೆಯಿರಲಿ, ಅದು ನಮಗೆ ಸಂಬಂಧಪಟ್ಟದ್ದಲ್ಲ. ಮೇಲೆ ಹೆಸರು, ಊರು, ತಾಲ್ಲೂಕು ಸರಿಯಾಗಿದ್ದರೆ ಅದು ಪತ್ರ. ಇಲ್ಲದಿದ್ದರೆ ಬರಿಯ ಕಾಗದ. ವಿಳಾಸ ಕೆಟ್ಟ ಪತ್ರಗಳನ್ನು ಕಳಿಸಿಕೊಡಲು ಇಲಾಖೆಯಲ್ಲಿ ಬೇರೆಯದೇ ಒಂದು ಕಚೇರಿಯಿತ್ತು. ಹಳಬರು ಅದನ್ನು ಡೆಡ್ ಲೆಟರ್ ಆಫೀಸು ಎನ್ನುತ್ತಿದ್ದರು. ಆ ಮಾತು ಬಂದಾಗ, ಎದುರಿಗೆ ಹೆಣ ಬಂದರೆ ಚಪ್ಪಲಿ ಬಿಟ್ಟು ನಿಲ್ಲುವವರಂತೆ, ದನಿ ತಗ್ಗಿಸುತ್ತಿದ್ದರು.

ಹಳೆಯ ನಾಣ್ಯಗಳ ಸಹವಾಸ ನನಗೆ ಹತ್ತಿದ್ದು ಸಿರುಗುಪ್ಪದ ಕೌಂಟರಿನಲ್ಲಿ. ಕೆಂಚನಗುಡ್ಡದ ಮುದುಕನೊಬ್ಬ ಕಾರ್ಡು ಕೊಳ್ಳಲು ಬಂದವನು, ಹೊಳೆಯ ದಂಡೆಯಲ್ಲಿ ಸಿಕ್ಕ ಒಂದು ತಾಮ್ರದ ಬಿಲ್ಲೆಯನ್ನು ಜಾಲರಿಯ ಕೆಳಗಿಂದ ನನ್ನತ್ತ ತಳ್ಳಿದ.

"ಇದು ಈಗ ನಡೀತೈತೇನ್ರಿ ಸಾರ್?"

"ನಡೆಯೋದು ನಿಂತು ನಾನೂರು ವರ್ಷ ಆತಪ್ಪ."

"ಹಂಗಾರ ನೀವ ಇಟ್ಕೊಳ್ರಿ. ನಿಮ್ಮ ಆಫೀಸಿನಾಗಾದ್ರ ಹಳೇವು ಇನ್ನಾ ನಡೀತಾವು."

ಇಲಾಖೆಯ ಮೇಲೆ ಇಷ್ಟು ನಿಖರವಾದ ವರದಿಯನ್ನು ಯಾವ ಇನ್ಸ್‌ಪೆಕ್ಟರೂ ಬರೆದದ್ದು ನಾನು ಕಾಣೆ.

ಅಲ್ಲಿಂದ ಮುಂದೆ ಹೊಲ ಉಳುವವರು, ಬಾವಿ ತೋಡುವವರು, ಮರಳು ಹೊರುವವರು ನನ್ನ ಹತ್ತಿರ ಬರತೊಡಗಿದರು. ಸಿಕ್ಕದ್ದನ್ನು ಸರಕಾರಕ್ಕೆ ಒಪ್ಪಿಸಬೇಕೆಂದು ಕಾನೂನಿದೆ ಎಂದು ಗಂಭೀರವಾಗಿ ಹೇಳುತ್ತಿದ್ದೆ. "ಒಪ್ಪಿಸಿದ್ರ, ಉಳಿದ ಕೊಡ ಎಲ್ಲಿ ಮುಚ್ಚಿಟ್ಟೀಯಲೇ ಅಂತ ಕೇಳ್ತಾರ್ರಿ" ಎನ್ನುತ್ತಿದ್ದರು. ಹೀಗಾಗಿ ಸರಕಾರಿ ನೌಕರನಾದ ನಾನು ಸತ್ತ ರಾಜರ ಪಾಲಿಗೆ ಕಳ್ಳಮಾಲಿನ ದಲ್ಲಾಳಿಯಾದೆ. ಪ್ರತಿಯೊಂದನ್ನೂ ಒಂದೊಂದು ಖಾಲಿ ಕಡ್ಡಿಪೆಟ್ಟಿಗೆಯಲ್ಲಿಟ್ಟು, ಮೇಲೆ ಬಿಳಿ ಚೀಟಿ ಅಂಟಿಸಿ ಬರೆಯುತ್ತಿದ್ದೆ: ಸಿಕ್ಕ ಜಾಗ, ಸಿಕ್ಕ ದಿನ, ಸಿಕ್ಕವರ ಊರು. ನಾಣ್ಯಕ್ಕೂ ಒಂದು ವಿಳಾಸ ಬೇಕು. ಅದಿಲ್ಲದಿದ್ದರೆ ಅದು ಬರಿಯ ಲೋಹ.

"ದೀಪ ಹಚ್ಚಾಕ ಒಂದು ಕಡ್ಡಿಪೆಟ್ಟಿಗಿ ಸಿಗಾಂಗಿಲ್ಲ ಈ ಮನಿಯಾಗ," ಎನ್ನುತ್ತಿದ್ದಳು ನನ್ನ ಹೆಂಡತಿ. "ಎಲ್ಲಾದ್ರಾಗೂ ನಿಮ್ಮ ರಾಜ್ರು ಕಾಲು ಚಾಚಿ ಮಲಗ್ಯಾರ."

ಕುರುಗೋಡಿನಲ್ಲಿ, ನಿವೃತ್ತಿಗೆ ಒಂದು ವರ್ಷವಿರುವಾಗ, ಆ ಹೆಂಗಸು ಬಂದಳು. ನಲವತ್ತರ ಆಸುಪಾಸು, ಕೂಲಿಯ ಕೆಲಸ, ತಲೆಯ ಮೇಲೆ ಇನ್ನೂ ಸಿಂಬಿ. ಅವಳ ಕೇರಿಯ ಹಿಂದೆ ಒಂದು ದಿಬ್ಬವಿತ್ತು. ಯಾವ ಕಾಲದಲ್ಲೋ ಊರಾಗಿದ್ದು ಹಾಳಾದ ಜಾಗ. ಅಂಥ ಜಾಗದ ಬೂದಿಬಣ್ಣದ ಮಣ್ಣಿಗೆ ತೆಲುಗು ಬಾಯಿಯ ನಮ್ಮ ಕಡೆಯವರು ಪಾಟಿ ಮಣ್ಣು ಎನ್ನುತ್ತಾರೆ. ಹೊಲಕ್ಕೆ ಅದು ಒಳ್ಳೆಯ ಗೊಬ್ಬರ. ಟ್ರ್ಯಾಕ್ಟರುಗಳು ಬಂದು ದಿಬ್ಬವನ್ನು ಕೆರೆದು ಒಯ್ಯುತ್ತವೆ. ತುಂಬುವವರಲ್ಲಿ ಅವಳೂ ಒಬ್ಬಳು. ಸೆರಗಿನ ಗಂಟು ಬಿಚ್ಚಿ ಕೌಂಟರಿನ ಮೇಲೆ ಇಟ್ಟಳು: ಕೆಲವು ಕೆಂಪು ಮಣಿ, ಒಂದು ಶಂಖದ ಬಳೆಯ ಚೂರು, ಒಂದು ಸೀಸದ ನಾಣ್ಯ. ನಾಣ್ಯದ ಒಂದು ಬದಿಯಲ್ಲಿ ಆನೆ, ಆನೆಯ ಬೆನ್ನಿನ ಮೇಲೆ ಹೊಸದಾಗಿ ಬಿದ್ದ ಗಾಯ.

"ನನ್ನ ಸಲಿಕಿ ಪೆಟ್ಟು ಸಾರ್ ಅದು. ಬರ್ಕೊಳ್ರಿ, ಎಲ್ಲಿ ಸಿಕ್ತು ಅಂತ ಬರ್ಕೊಳ್ರಿ."

"ನಿಮ್ಮ ದಿಬ್ಬಕ್ಕ ಹೆಸರೇನವ್ವ?"

"ಹೆಸ್ರಿಲ್ರಿ. ನಮ್ಮವ್ವ ಅದಾಳ ಅಲ್ಲಿ." ಅವಳು ಮುಂದಿನದನ್ನು ಲೆಕ್ಕ ಒಪ್ಪಿಸುವಂತೆ ಹೇಳಿದಳು. "ಪಡುವಲ ಮಗ್ಗಲಾಗ ಮಣ್ಣು ಮಾಡೀವಿ. ಮುತ್ತೈದಿಯಾಗಿ ಹೋದ್ಲು, ಕಾಲುಂಗರಾನೂ ಬಿಚ್ಚಲಿಲ್ಲ. ನಮ್ಮ ಕೇರಿಯೋರೆಲ್ಲ ಅಲ್ಲೇ ಅದಾರ. ಈಗ ಮೂಡಲ ಕಡಿಂದ ತುಂಬಾಕ ಹತ್ತೀವಿ. ಪಡುವಲಕ್ಕ ಬಂದ್ರ ನಾ ಸಲಿಕಿ ಮುಟ್ಟಾಂಗಿಲ್ಲ. ನಾ ಮುಟ್ಟದಿದ್ರ ಇನ್ನೊಬ್ರು ಮುಟ್ತಾರ. ಸುಡುಗಾಡಿಗೆ ಕಾಗದ ಐತೇನು ಅಂತ ಕೇಳ್ತಾರ, ಎಲ್ಲಿಂದ ತರೋಣ್ರಿ? ಹಳೇ ರೊಕ್ಕ ಸಿಕ್ಕ ಜಾಗಾನ ಸರ್ಕಾರ ಅಗಿಯಾಕ ಬಿಡಾಂಗಿಲ್ಲಂತ, ಖರೇ ಏನ್ರಿ?"

ಖರೆ, ಎಂದೆ. ಆ ಬಗ್ಗೆ ನನಗೆ ಆಗ ಸಂಶಯವಿರಲಿಲ್ಲ.

"ಹಂಗಾರ ನಿಮ್ಮತ್ರ ಇರ್ಲಿ. ನಮ್ಮ ಮನಿಯಾಗ ಇಲಿ ಕಾಟ. ಆ ರೊಕ್ಕಾನ ನಮ್ಮ ಪಾಣಿ ರೀ. ಬೇಕಾದಾಗ ಬರ್ತೀನಿ."

ಪಾಣಿ ಎಂದರೆ ಪಹಣಿ, ಹೊಲದ ಹಕ್ಕಿನ ಕಾಗದ. ರಿಜಿಸ್ಟರ್ಡ್ ಪತ್ರದಂತೆ ಕಾಪಾಡುತ್ತೇನೆ ಎಂದು ಮಾತು ಕೊಟ್ಟೆ. ಎರಡು ಕಡ್ಡಿಪೆಟ್ಟಿಗೆಯ ಮೇಲೆ ಅವಳ ಕಣ್ಣೆದುರಿಗೇ ವಿಳಾಸ ಬರೆದು, ಅಭ್ಯಾಸಬಲದಿಂದ ಆ ದಿನದ ಮೊಹರನ್ನೂ ಒತ್ತಿದೆ. ಮೊಹರು ಬಿದ್ದ ಸದ್ದಿಗೆ ಅವಳ ಮುಖ ಹಗುರಾಯಿತು.

ನಿವೃತ್ತನಾಗಿ ಬಳ್ಳಾರಿಗೆ ಬಂದ ಮೇಲೆ ಒಂದು ಶಾಲೆಯವರು ನನ್ನನ್ನು ಪತ್ತೆ ಹಚ್ಚಿದರು. ಮಕ್ಕಳಿಗಾಗಿ ನಾಣ್ಯಗಳ ಪ್ರದರ್ಶನ, ನಾನೇ ಮುಖ್ಯ ಅತಿಥಿ. ಮುಖ್ಯ ಅತಿಥಿಯಾಗುವ ಯೋಗ ಪೋಸ್ಟ್ ಮಾಸ್ತರನಿಗೆ ಪದೇ ಪದೇ ಬರುವಂಥದ್ದಲ್ಲ. ನಾನು ವಿಧಿವತ್ತಾಗಿ ಸಿದ್ಧನಾದೆ. ಎಲ್ಲವನ್ನೂ ಕಡ್ಡಿಪೆಟ್ಟಿಗೆಗಳಿಂದ ಹೊರತೆಗೆದು, ಹುಣಸೆಹಣ್ಣು ಉಪ್ಪು ಹಾಕಿ ದೇವರ ಸಾಮಾನಿನಂತೆ ತಿಕ್ಕಿ ತೊಳೆದೆ. ಬಿಳಿಯ ಥರ್ಮೋಕೋಲ್ ಹಲಗೆಯ ಮೇಲೆ ದೊಡ್ಡವು ನಡುವೆ, ಸಣ್ಣವು ಸುತ್ತಲೂ, ರಂಗೋಲಿಯ ಎಸಳಿನಂತೆ ಅಂಟಿಸಿದೆ. ಅಂಟಿಸುವಾಗ ಯಾವುದು ಯಾವ ಪೆಟ್ಟಿಗೆಯದು ಎಂದು ನೆನಪಿರುತ್ತದೆ ಎಂದುಕೊಂಡೆ. ಇಲ್ಲವಾದರೂ ಪೆಟ್ಟಿಗೆಗಳು ಹೇಗೂ ಇವೆಯಲ್ಲ. ಸಲಿಕೆಯ ಪೆಟ್ಟು ಬಿದ್ದ ಸೀಸದ ಆನೆ ಮಾತ್ರ ನೋಡಲು ಲಕ್ಷಣವಾಗಿರಲಿಲ್ಲ. ಅದನ್ನು ಅದರ ಪೆಟ್ಟಿಗೆಯಲ್ಲೇ ಬಿಟ್ಟೆ. ಪೆಟ್ಟಿಗೆಗಳನ್ನೆಲ್ಲ ಒಂದು ಚೀಲಕ್ಕೆ ತುಂಬಿ ಶಾಲೆಗೆ ಒಯ್ದು ಮೇಜಿನ ಕೆಳಗಿಟ್ಟೆ.

ಶಾಲು ಹೊದಿಸಿದರು, ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಇತಿಹಾಸವನ್ನು ಕಾಪಾಡುವುದು ಹೇಗೆ ಎಂಬ ಬಗ್ಗೆ ನಾನು ಮುಕ್ಕಾಲು ಗಂಟೆ ಮಾತಾಡಿದೆ. ಆಮೇಲೆ ಚಹಾ ಬಂತು. ಚಹಾ ಚೆನ್ನಾಗಿತ್ತು, ಎರಡನೆಯ ಲೋಟ ಕೇಳಿ ಕುಡಿದೆ.

ಹೊರಡುವಾಗ ಚೀಲ ಕಾಣಲಿಲ್ಲ. ಅಂಗಳದಲ್ಲಿ ಮೂರು ಕಲ್ಲು ಹೂಡಿ ಚಹಾ ಕಾಸುತ್ತಿದ್ದ ಹೆಂಗಸನ್ನು ಕೇಳಿದೆ.

"ಆ ಖಾಲಿ ಪೆಟ್ಗಿ ಚೀಲಾ ಏನ್ರಿ? ಕಟಿಗಿ ಹಸಿ ಇದ್ವು, ಹತ್ಲೇ ಇಲ್ಲ. ಅದಕ್ಕ ಅವನ್ನ ಹಾಕಿದೆ. ಭಾಳ ಚಲೋ ಉರಿದ್ವು ನೋಡ್ರಿ," ಎಂದು ನನ್ನನ್ನು ಮೆಚ್ಚಿಸುವ ದನಿಯಲ್ಲಿ ಹೇಳಿದಳು.

ಪೇಟ ತೊಟ್ಟುಕೊಂಡೇ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬೂದಿ ಕೆದಕಿದೆ. ಬಟಾಣಿ ಕಾಳಿನಷ್ಟು ಬೂದುಬಣ್ಣದ ಒಂದು ಗುಂಡು ಸಿಕ್ಕಿತು. ಸೀಸ ಬೇಗ ಕರಗುತ್ತದೆ. ಇಡೀ ಸಂಗ್ರಹದಲ್ಲಿ ವಿಳಾಸ ಕಳೆದುಕೊಳ್ಳದೆ ಉಳಿದಿದ್ದ ನಾಣ್ಯ ಅದೊಂದೇ. ತನ್ನ ವಿಳಾಸದ ಜೊತೆಗೇ ಒಲೆ ಸೇರಿತ್ತು.

ಕುರುಗೋಡಿನ ಆ ಹೆಂಗಸು ಬಂದದ್ದು ಅದಾಗಿ ಎಂಟು ತಿಂಗಳಿಗೆ. ವಿಳಾಸ ಕೇಳುತ್ತ ಕೇಳುತ್ತ ಬಳ್ಳಾರಿಯ ಬಸ್ಸು ಹತ್ತಿ ಬಂದಿದ್ದಳು. ದಿಬ್ಬದ ಅಗೆತ ಪಡುವಲ ಮಗ್ಗುಲಿಗೆ ಬಂದಿದೆ, ಈಗ ಸಲಿಕೆಯಲ್ಲ, ಜೆಸಿಬಿ. ಕೇರಿಯವರು ಸೇರಿ ಅರ್ಜಿ ಬರೆಸಿದ್ದಾರೆ. ನಾಡಿದ್ದು ಪುರಾತತ್ವ ಇಲಾಖೆಯ ಸಾಹೇಬರೊಬ್ಬರು ಜಾಗ ನೋಡಲು ಬರುತ್ತಾರೆ. ಇಲ್ಲಿ ಸಿಕ್ಕದ್ದೇನಾದರೂ ಇದ್ದರೆ ತೋರಿಸಿ ಎಂದಿದ್ದಾರೆ.

"ನಮ್ಮವು ಕೊಡ್ರಿ ಸಾರ್."

ನಾನು ಥರ್ಮೋಕೋಲ್ ಹಲಗೆ ತಂದಿಟ್ಟೆ. ಅವಳು ನೋಡಿ ನಕ್ಕಳು. "ಎಲ್ಲಾವೂ ಜಳಕಾ ಮಾಡಿ ಮದಿವಿಗೆ ಹೊಂಟಂಗ ಅದಾವಲ್ರೀ. ನಂದು ಎಲ್ಲಿ? ಸಲಿಕಿ ಪೆಟ್ಟಿಂದು?"

ಅವಳ ಅಂಗೈ ಮೇಲೆ ಸೀಸದ ಗುಂಡನ್ನು ಇಟ್ಟೆ. ನಡೆದದ್ದನ್ನು ಹೇಳಿದೆ. ಎರಡನೆಯ ಲೋಟದ ವಿಷಯ ಬಿಟ್ಟು.

ಅವಳು ಬೈಯಲಿಲ್ಲ. ಬೈದಿದ್ದರೆ ರಸೀದಿ ಬರೆದುಕೊಟ್ಟು ಸ್ವೀಕರಿಸುತ್ತಿದ್ದೆ. ನನ್ನ ಹೆಂಡತಿ ನೀರು ತಂದುಕೊಟ್ಟಳು. ಅದನ್ನು ಕುಡಿದು, ಲೋಟ ಕೆಳಗಿಟ್ಟು, "ಈಗೇನ್ ಮಾಡೋದು ಸಾರ್?" ಎಂದಳು.

ಆಗ ನಾನು ಜೀವಮಾನದಲ್ಲಿ ಮಾಡದ ಕೆಲಸ ಮಾಡಿದೆ. ಒಂದು ದಿನವೂ ಸುಳ್ಳು ಮೊಹರು ಒತ್ತದವನು ಹೊಸ ಚೀಟಿಗಳನ್ನು ಕತ್ತರಿಸಿದೆ. ಹಲಗೆಯಿಂದ ನಾಲ್ಕು ನಾಣ್ಯ ಕಿತ್ತೆ. ಕೆಂಪು ಮಣಿಗಳು, ಬಳೆಚೂರು ಅವಳವೇ, ಅಷ್ಟು ಮಾತ್ರ ನನಗೆ ನಿಶ್ಚಯ. ಅವುಗಳ ಜೊತೆಗೆ ನಾಣ್ಯಗಳನ್ನೂ ಬೇರೆ ಕಡ್ಡಿಪೆಟ್ಟಿಗೆಗಳಲ್ಲಿ ಇಟ್ಟು ಎಲ್ಲದರ ಮೇಲೂ ಅವಳ ದಿಬ್ಬದ ವಿಳಾಸ ಬರೆದೆ.

"ಇವು ನಮ್ಮವಲ್ಲಲ್ರೀ," ಎಂದಳು ಮೆಲ್ಲಗೆ. ಆಮೇಲೆ ತಾನೇ, "ಬರೀರಿ," ಎಂದಳು.

ಸಾಹೇಬರು ಕೆಟ್ಟವರಾಗಿರಲಿಲ್ಲ. ಅದೇ ದೊಡ್ಡ ತೊಂದರೆಯಾಯಿತು. ಅಸಡ್ಡೆಯ ಮನುಷ್ಯನಾಗಿದ್ದರೆ ಚೀಟಿ ಓದಿ ಹೋಗುತ್ತಿದ್ದರು. ಇವರು ದಿಬ್ಬವನ್ನು ಸುತ್ತಿ ನೋಡಿದರು, ಮಡಕೆಯ ಚೂರುಗಳನ್ನು ಎತ್ತಿ ನೋಡಿದರು. ಇಂಥ ಚೂರು ಎಲ್ಲ ಕಡೆ ಸಿಗುತ್ತವೆ, ಕಾಲ ಹೇಳುವಂಥದ್ದು ಬೇಕು ಎಂದರು. ನನ್ನ ಪೆಟ್ಟಿಗೆಗಳನ್ನು ಬಿಚ್ಚಿದರು. ಒಂದು ನಾಣ್ಯವನ್ನು ಬೆರಳಲ್ಲಿ ತಿರುವಿದರು.

"ಇದು ಹೊಳೆ ಮರಳಿನಲ್ಲಿ ಸವೆದಿರೋ ನಾಣ್ಯ. ಇಲ್ಲಿ ಹೊಳೆ ಎಲ್ಲಿದೆ ಯಜಮಾನರೇ?"

ಕೆಂಚನಗುಡ್ಡದ ಮುದುಕ ನನ್ನ ಕಣ್ಣ ಮುಂದೆ ಬಂದು ನಿಂತ.

"ಹುಣಸೆಹಣ್ಣಲ್ಲಿ ತೊಳೆದಿದ್ದೀರಾ?"

ಹೌದು ಎಂದೆ.

"ಸಂದಿಯಲ್ಲಿ ಒಂದಿಷ್ಟು ಮಣ್ಣು ಉಳಿದಿದ್ದರೂ ಸಾಕಾಗಿತ್ತು. ನಿಜ ಹೇಳಿ. ಇವು ಎಲ್ಲಿ ಸಿಕ್ಕವು?"

ಹತ್ತು ಹೆಜ್ಜೆ ದೂರದಲ್ಲಿ ಅವಳು, ಅವಳ ಹಿಂದೆ ಕೇರಿಯ ಜನ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾಲ್ಕು ನಾಣ್ಯ ಎಲ್ಲಿಯವೋ ಗೊತ್ತಿಲ್ಲ, ಮಣಿ, ಬಳೆಚೂರು ಮಾತ್ರ ಇಲ್ಲಿಯವು ಎಂದೆ. ಒಂದು ಸುಳ್ಳು ಹೊರಬಿದ್ದ ಮೇಲೆ ಬಂದ ನಿಜಕ್ಕೆ ಯಾರು ಮೊಹರು ಒತ್ತುತ್ತಾರೆ? ಅವರು ವಿಷಾದದಿಂದಲೇ ತಲೆಯಾಡಿಸಿ, ಅವುಗಳನ್ನೂ ನಾಣ್ಯಗಳ ಸಂಗಡವೇ ನನಗೆ ವಾಪಸು ಕೊಟ್ಟರು. ತಕ್ಕ ಪುರಾವೆ ಇಲ್ಲ ಎಂದು ವರದಿ ಹೋಯಿತು.

ದಿಬ್ಬ ನೆಲಸಮವಾಗಲು ಬಹಳ ದಿನ ಹಿಡಿಯಲಿಲ್ಲ. ಕೇರಿಯವರು ಗುರುತು ಸಿಕ್ಕಷ್ಟು ಮೂಳೆಗಳನ್ನು ಆರಿಸಿ ಬೇರೆ ಕಡೆ ಹೂಳಿದರು. ಅವಳ ಅವ್ವನ ಗುರುತು ಸಿಗುವ ಮೊದಲೇ ಆ ಭಾಗದ ಲೋಡು ಹೋಗಿತ್ತಂತೆ. ಎಲ್ಲಿಗೆ ಎಂದು ಡ್ರೈವರನಿಗೂ ನೆನಪಿಲ್ಲ. ಪಾಟಿ ಮಣ್ಣು ಸುತ್ತಮುತ್ತಲ ಎಷ್ಟೋ ಹೊಲಗಳಿಗೆ ಹೋಗುತ್ತದೆ.

ಮರುವರ್ಷದ ಮಳೆ ಬಿದ್ದ ಮೇಲೆ ಜನ ಮತ್ತೆ ನನ್ನ ಕಟ್ಟೆಗೆ ಬರತೊಡಗಿದರು. ಮಣಿ, ಬಳೆಚೂರು, ಸೀಸದ ಆನೆಗಳು. ಒಬ್ಬೊಬ್ಬರದು ಒಂದೊಂದು ಹೊಲ. ಎಲ್ಲರೂ ಪ್ರಾಮಾಣಿಕವಾಗಿ ಸಿಕ್ಕ ಜಾಗ ಹೇಳುತ್ತಾರೆ, ಎಲ್ಲರ ಮಾತೂ ನಿಜ, ಒಂದು ವಿಳಾಸವೂ ಸರಿಯಲ್ಲ. ನಾನು ಬರೆದುಕೊಳ್ಳುವುದನ್ನು ಬಿಟ್ಟಿದ್ದೆ.

ಒಂದು ದಿನ ಕೊಳಗಲ್ಲಿನ ರೈತನೊಬ್ಬ ಬೈಕಿನಲ್ಲಿ ಬಂದ. ಮೆಣಸಿನಕಾಯಿ ಹೊಲದಲ್ಲಿ ಸಿಕ್ಕಿತೆಂದು ಕರವಸ್ತ್ರದ ಗಂಟು ಬಿಚ್ಚಿದ. ಕಪ್ಪಾದ ಬೆಳ್ಳಿಯ ಕಾಲುಂಗುರ, ಮೇಲೆ ಮೀನು.

"ಇದು ಯಾವ ರಾಜ್ರ ಕಾಲದ್ದು ಸಾರ್?" ಎಂದು ಹೆಮ್ಮೆಯಿಂದ ಕೇಳಿದ.

ನಾನು ಅದನ್ನು ತೊಳೆಯಲಿಲ್ಲ. ಕಡ್ಡಿಪೆಟ್ಟಿಗೆಯಲ್ಲಿಟ್ಟುಕೊಂಡು ಮಾರನೆಯ ಬೆಳಿಗ್ಗೆ ಕುರುಗೋಡಿನ ಬಸ್ಸು ಹತ್ತಿದೆ. ನನ್ನ ಕೈಯಿಂದ ಆದ ಕೊನೆಯ ಬಟವಾಡೆ ಅದು. ಅವಳ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಅವ್ವನ ಮಾಸಿದ ಫೋಟೊ. ಫೋಟೊ ಎದೆಮಟ್ಟದ್ದು, ಕಾಲು ಕಾಣುವುದಿಲ್ಲ.

ಅವಳು ಉಂಗುರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. "ನಮ್ಮವ್ವಂದೂ ಮೀನಿಂದಾ ಇತ್ತು. ಆದ್ರ ನಮ್ಮ ಕಡಿ ಎಲ್ಲಾರೂ ಮೀನಿಂದಾ ಹಾಕ್ತಾರ್ರಿ ಸಾರ್. ಇದು ಆಕೀದ ಅಂತ ಹೆಂಗ ಹೇಳ್ಲಿ?"

ಉಂಗುರವನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ನನ್ನ ಕೈಗೇ ತಿರುಗಿ ಕೊಟ್ಟಳು.

"ಎಲ್ಲಿ ಸಿಕ್ತಂತ್ರಿ?"

"ಕೊಳಗಲ್ಲಿನ ಒಂದು ಮೆಣಸಿನಕಾಯಿ ಹೊಲದಾಗ. ಬದುವಿನ ಮೇಲೆ ಎರಡು ಬೇವಿನ ಮರ ಅದಾವಂತ."

ಅವಳು ಬಾಗಿಲಾಚೆ ಬಿಟ್ಟಿದ್ದ ತನ್ನ ಚಪ್ಪಲಿಗಳನ್ನು ನೋಡುತ್ತ ನಿಂತಳು.

"ಹೋದ ತಿಂಗ್ಳು ಆ ಹೊಲಕ್ಕ ಕಳಿ ತಗ್ಯಾಕ ಹೋಗಿದ್ವಿ ಸಾರ್," ಎಂದಳು. "ನಾ ಚಪ್ಲಿ ಹಾಕ್ಕೊಂಡಿದ್ದೆ."