ಫೋಟೋದ ಕೆಳಗಿದ್ದ ಜಾಹೀರಾತು

“ಇದನ್ನ ನೀವ ಹಾಕೀರೇನ್ರಿ?” ಎಂದು ಬೀಳಗಿ ಬಸ್ ನಿಲ್ದಾಣದಲ್ಲಿ ಒಬ್ಬ ಹೆಣ್ಣುಮಗಳು ಮೊಬೈಲನ್ನು ನನ್ನ ಮುಂದೆ ಹಿಡಿದರು. ತಕ್ಷಣ ಗುರುತು ಸಿಕ್ಕಿತು. ಅನಗವಾಡಿಯ ಹತ್ತಿರ ಬಟ್ಟೆ ಒಗೆಯುವಾಗ ಹೊಳೆಗೆ ಜಾರಿಬಿದ್ದವಳೊಬ್ಬಳನ್ನು ದಡಕ್ಕೆ ತಳ್ಳಿ, ತಾವೇ ಮುಳುಗಿಹೋದವರ ಹೆಂಡತಿ. ಅವರ ಮನೆಗೆ ಹೋಗಿ ಬಂದು, ಗಂಡನ ಬಗ್ಗೆ ನನ್ನ ಪುಟ್ಟ ವೆಬ್‌ಸೈಟಿನಲ್ಲಿ ಫೋಟೋ ಹಾಕಿ ಬರೆದಿದ್ದೆ. ಈಗ ಆ ಫೋಟೋದ ಕೆಳಗೇ ಯಾವುದೋ ವಾಟರ್ ಪಾರ್ಕಿನ ಜಾಹೀರಾತು ಮಿನುಗುತ್ತಿತ್ತು: ‘ನೀರಲ್ಲಿ ಮೈಮರೆಯಿರಿ, ಕುಟುಂಬ ಸಮೇತ ಬನ್ನಿ!’

“ನಾ ಹಾಕಿಲ್ರಿ ಅಕ್ಕಾರ. ಹೊಳಿ, ಈಜು ಅಂತ ಬರದದ್ದು ನೋಡಿ ಕಂಪ್ಯೂಟರ್ ತಾನ ಹಾಕತೈತ್ರಿ” ಎಂದೆ.

“ವೆಬ್‌ಸೈಟ್ ನಿಮ್ದ ಹೌದಲ್ರಿ?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ಅಪ್ಪನ ಫೋಟೋ ನೋಡಾಕ ಹುಡುಗ್ರು ದಿನಾ ಇದನ್ನ ತಗೀತಾವ್ರಿ. ನಿನ್ನಿ ಸಣ್ಣಾಕಿ, ಅಲ್ಲಿಗೆ ಹೋಗೂಣ ಅಂದ್ಳು.”

ಅಲ್ಲೇ ನಿಂತು ಜಾಹೀರಾತುಗಳನ್ನೆಲ್ಲ ಬಂದ್ ಮಾಡಿ ತೋರಿಸಿದೆ. ಅವು ಮತ್ತೆ ಬರುವುದಿಲ್ಲ ಎಂದು ಅವರಿಗೆ ನಂಬಿಕೆ ಬರಲಿಲ್ಲ. ಬರಹವನ್ನೇ ತೆಗೆದುಬಿಡಿ ಎಂದರು. ತೆಗೆದೆ. ಆ ಮನುಷ್ಯನ ಬಗ್ಗೆ ಬರೆದವನು ನಾನೊಬ್ಬನೇ. ಈಗ ಅವರ ಹೆಸರು ಹಾಕಿ ಹುಡುಕಿದರೆ ಏನೂ ಸಿಗುವುದಿಲ್ಲ.